ಬೇಸ್ ಜಾಸ್ತಿ ಆದಾಗ ಕಾರಿನ ಆಂಪ್ (ಆಂಪ್ಲಿಫೈಯರ್) ಆಫ್ ಆಗುತ್ತಿದೆ. ಕೆಪ್ಯಾಸಿಟರ್ ಹಾಕಿಸಲಾ, ದೊಡ್ಡ ಬ್ಯಾಟರಿ ಹಾಕಿಸಲಾ?

ಎರಡೂ ಬೇಡ. ಮೊದಲು ಡಿಕ್ಕಿ ತೆಗೆದು ಆಂಪಿನ ಕಪ್ಪು ವೈರು, ಅಂದರೆ ಅರ್ತ್ ವೈರು, ಎಲ್ಲಿಗೆ ಹೋಗಿ ಸೇರಿದೆ ನೋಡಿ.

ನಾನೂ ಹಾಸನದವನೇ, ನನ್ನ ಕಾರಿನಲ್ಲೂ ಇದೇ ಆಗಿತ್ತು. ಸಣ್ಣ ಕಾರು, ಒಂದು ಸಬ್‌ವೂಫರ್, ನಿರಂತರವಾಗಿ 500 ವ್ಯಾಟ್ (ಆರ್‌ಎಂಎಸ್) ಕೊಡುವ ಕ್ಲಾಸ್ ಡಿ ಆಂಪ್. ಬಿ.ಎಂ. ರಸ್ತೆಯಲ್ಲಿ ಸಕಲೇಶಪುರದ ಕಡೆ ಹೊರಟು ಸೌಂಡ್ ಸ್ವಲ್ಪ ಏರಿಸಿದರೆ ಸಾಕು, ಆಂಪಿನ ಪ್ರೊಟೆಕ್ಟ್ ಲೈಟ್ ಹತ್ತಿಕೊಂಡು ಬೇಸ್ ನಿಂತುಹೋಗುತ್ತಿತ್ತು. ಅಂಗಡಿಯವರು ಬ್ಯಾಟರಿ ಸಾಲಲ್ಲ ಅಂದರು, ಬದಲಾಯಿಸಿದೆ. ಆಮೇಲೆ ಕರೆಂಟು ಕೂಡಿಟ್ಟು ಥಟ್ಟನೆ ಕೊಡುವ 1 ಫ್ಯಾರಡ್ ಕೆಪ್ಯಾಸಿಟರ್ ಅಂದರು, ಅದನ್ನೂ ಹಾಕಿಸಿದೆ. ಏನೂ ಪ್ರಯೋಜನ ಆಗಲಿಲ್ಲ.

ಬ್ಯಾಟರಿಯಿಂದ ಆಂಪಿಗೆ ಬರುವ ಕೆಂಪು ವೈರಿಗೆ ಮಾತ್ರ ಖರ್ಚು ನೋಡದೆ 16 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್ ಎಳೆಸಿದ್ದೆ. ಅರ್ತ್ ಬಗ್ಗೆ ಯೋಚನೆಯನ್ನೇ ಮಾಡಿರಲಿಲ್ಲ. ಹಿಂದಿನ ಸೀಟಿನ ಬೋಲ್ಟ್ ಸಡಿಲಿಸಿ, ಅರ್ತ್ ವೈರಿನ ತುದಿಯ ಲೋಹದ ಬಳೆ (ಲಗ್) ಸಿಕ್ಕಿಸಿ, ಬಿಗಿ ಮಾಡಿದ್ದರು. ಕಾರಿನ ಬಾಡಿ ತಗಡಿಗೆ ತಾಗಿದರೆ ಆಯ್ತು ಅಂದುಕೊಂಡಿದ್ದೆ.

ಆಗಲ್ಲ. ಲೆಕ್ಕ ನೋಡಿ. ಆಂಪ್ 500 ವ್ಯಾಟ್ ಕೊಡಬೇಕಾದರೆ ಸುಮಾರು 625 ವ್ಯಾಟ್ ಎಳೆಯುತ್ತದೆ. 13.8 ವೋಲ್ಟಿಗೆ ಅದು 45 ಆಂಪಿಯರ್. ಕೆಂಪು ವೈರಿನಲ್ಲಿ ಬಂದ ಅಷ್ಟೂ ಕರೆಂಟು ಬಾಡಿ ಮೂಲಕ ಬ್ಯಾಟರಿಗೆ ವಾಪಸ್ ಹೋಗಲೇಬೇಕು. ಅಂದರೆ ಅರ್ತ್ ವೈರಿನ ಮೇಲೂ ಅಷ್ಟೇ ಭಾರ. ಲಗ್ ಪೇಂಟ್ ಮೇಲೆ ಕೂತು ಅಲ್ಲಿ ಬರೀ 0.03 ಓಮ್ ತಡೆ ಬಂದರೂ 1.35 ವೋಲ್ಟ್ ಅಲ್ಲೇ ಹೋಯ್ತು. ಜೊತೆಗೆ ಆ ಒಂದು ಬೋಲ್ಟಿನಲ್ಲಿ 60 ವ್ಯಾಟ್ ಶಾಖ, ಸೋಲ್ಡರಿಂಗ್ ಐರನ್ ಇಟ್ಟ ಹಾಗೆ. ಮುಂದೆ ಎಷ್ಟು ದೊಡ್ಡ ಬ್ಯಾಟರಿ ಕೂರಿಸಿದರೂ ಈ ನಷ್ಟ ಕಮ್ಮಿ ಆಗಲ್ಲ.

ಕೊನೆಗೆ ನಾನೇ ಸೀಟು ಎತ್ತಿದೆ. ಬೋಲ್ಟಿನ ಸುತ್ತ ಕಾರ್ಪೆಟ್ ಗಟ್ಟಿಯಾಗಿ ಕಂದು ಬಣ್ಣಕ್ಕೆ ತಿರುಗಿತ್ತು. ಲಗ್ ತೆಗೆದರೆ ಕೆಳಗೆ ಕಂಪನಿ ಪೇಂಟ್ ಹಾಗೇ ಇತ್ತು, ಥ್ರೆಡ್ ತಾಗಿದ ಒಂದು ಅಂಚು ಮಾತ್ರ ಕಪ್ಪಗಾಗಿತ್ತು. ಅಷ್ಟು ಹೊತ್ತಿಗೆ ಸ್ಟೀರಿಯೋ ಕೂಡ ಹೋಗಿತ್ತು. ಯಾಕಂದ್ರೆ ಅರ್ತ್ ಸರಿ ಇಲ್ಲದಾಗ ಕರೆಂಟು, ಸ್ಟೀರಿಯೋದಿಂದ ಆಂಪಿಗೆ ಹಾಡು ಒಯ್ಯುವ ಆರ್‌ಸಿಎ ಕೇಬಲ್ಲಿನ ಹೊರ ಜಾಲರಿಯಲ್ಲಿ ದಾರಿ ಹುಡುಕುತ್ತದೆ. ಅದು ಸಿಗ್ನಲ್ಲಿಗೆ ಇರುವ ವೈರು. ಸ್ಟೀರಿಯೋ ಒಳಗಿನ ಬೋರ್ಡಿನ ಅರ್ತ್ ಗೆರೆ ಸುಟ್ಟು, ಎಂಜಿನ್ ವೇಗಕ್ಕೆ ಸರಿಯಾಗಿ ಸ್ಪೀಕರಿನಲ್ಲಿ ಕುಯ್ಯೋ ಅನ್ನುವ ಸದ್ದು ಶುರುವಾಗಿತ್ತು. ಬ್ಯಾಟರಿ, ಕೆಪ್ಯಾಸಿಟರ್, ಸ್ಟೀರಿಯೋ ಮೂರರ ದುಡ್ಡೂ ಒಂದು ಬೋಲ್ಟಿಗೆ ಹೋಯಿತು.

ಹಾಗಾಗಿ ಹೀಗೆ ಮಾಡಿ. ಎಂಜಿನ್ ಆನ್ ಇಟ್ಟು, ಬೇಸ್ ಇರುವ ಹಾಡು ಹಾಕಿ. ಆಂಪಿನ ಅರ್ತ್ ಟರ್ಮಿನಲ್ಲಿಗೂ ಬ್ಯಾಟರಿ ನೆಗೆಟಿವ್‌ಗೂ ಮಧ್ಯೆ ಮಲ್ಟಿಮೀಟರ್ ಹಿಡಿಯಿರಿ, ಒಂದು ಉದ್ದ ವೈರು ಬೇಕಾಗುತ್ತದೆ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ತೊಂದರೆ ಅರ್ತ್‌ನಲ್ಲೇ. ಪೇಂಟ್ ಪೂರ್ತಿ ಕೆರೆದು ತಗಡು ಹೊಳೆಯುವ ಹಾಗೆ ಮಾಡಿ, ಕೆಂಪು ವೈರಿನಷ್ಟೇ ದಪ್ಪದ ಗಿಡ್ಡ ವೈರು ಬಿಗಿಯಿರಿ. ಮೇಲೆ ಗ್ರೀಸ್ ಸವರಿ, ಇಲ್ಲದಿದ್ದರೆ ನಮ್ಮ ಮಲೆನಾಡಿನ ಮಳೆಗೆ ತುಕ್ಕು ಹಿಡಿಯುತ್ತದೆ. ಸೀಟ್ ಬೆಲ್ಟಿನ ಬೋಲ್ಟ್ ಮಾತ್ರ ಮುಟ್ಟಲೇಬೇಡಿ.

ವೈರನ್ನು ಬ್ಲೇಡಿನಲ್ಲಿ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ, ಕಿತ್ತು ಬಿಸಾಕಿ. ಕೆಂಪು ವೈರಿನ ಫ್ಯೂಸ್ ಆಂಪ್ ಹತ್ತಿರ ಅಲ್ಲ, ಬ್ಯಾಟರಿಯಿಂದ ಅರ್ಧ ಮೀಟರ್ ಒಳಗೇ ಇರಬೇಕು. ಅದು ಕಾಯುವುದು ವೈರನ್ನು.

ಕೆಪ್ಯಾಸಿಟರ್ ಯಾಕೆ ಬೇಡ ಅಂದರೆ, 14 ವೋಲ್ಟಿನಿಂದ 12ಕ್ಕೆ ಇಳಿಯುವಷ್ಟರಲ್ಲಿ 1 ಫ್ಯಾರಡ್ ಕೊಡುವುದು ಬರೀ 26 ಜೂಲ್. ನನ್ನಂಥ ಆಂಪಿಗೆ ಅದು ಸೆಕೆಂಡಿನ ಇಪ್ಪತ್ತರಲ್ಲಿ ಒಂದು ಭಾಗಕ್ಕೂ ಸಾಲದು. ಬೇಸ್ ಬಡಿದಾಗ ಹೆಡ್‌ಲೈಟೂ ಮಂಕಾಗುತ್ತಿದ್ದರೆ ಮಾತ್ರ ಬ್ಯಾಟರಿ, ಆಲ್ಟರ್ನೇಟರ್ ಕಡೆ ನೋಡಬೇಕು. ಮೊದಲು ಮೀಟರ್ ಹಿಡಿದು ಎಷ್ಟು ವೋಲ್ಟ್ ಬಂತು ಅಂತ ಇಲ್ಲೇ ಹೇಳಿ.