ಬ್ರೌಸರ್ ತೆರೆಯುತ್ತದೆ, ಅಪ್‌ಡೇಟ್ ಮಾತ್ರ ಆಗುವುದಿಲ್ಲ

ಪ್ರಶ್ನೆ: ನಮ್ಮ ಕಾಲೇಜಿನ ಲ್ಯಾಬಿನ ಕಂಪ್ಯೂಟರ್‌ಗಳಲ್ಲಿ ಉಬುಂಟು ಎಂಬ ಲಿನಕ್ಸ್ ಕಾರ್ಯವ್ಯವಸ್ಥೆ ಇದೆ. ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಭಾಗದಲ್ಲಿ ಪ್ರಾಕ್ಸಿಯ (ನಮ್ಮ ಪರವಾಗಿ ಇಂಟರ್ನೆಟ್‌ಗೆ ಹೋಗಿಬರುವ ಮಧ್ಯವರ್ತಿ ಕಂಪ್ಯೂಟರ್) ವಿಳಾಸ ಮತ್ತು 3128 ಎಂಬ ಪೋರ್ಟ್ ಸಂಖ್ಯೆ ತುಂಬಿದ್ದೇನೆ. ಫೈರ್‌ಫಾಕ್ಸ್ ಸರಿಯಾಗಿದೆ, ಆದರೆ ಟರ್ಮಿನಲ್‌ನಲ್ಲಿ ಸುಡೋ (ನಿರ್ವಾಹಕರ ಅಧಿಕಾರದಲ್ಲಿ ಕಮಾಂಡ್ ನಡೆಸುವ ಸಾಧನ) ಜೊತೆ ಆಪ್ಟ್ (ಸಾಫ್ಟ್‌ವೇರ್ ತರಿಸಿ ಹಾಕುವ ಪ್ರೋಗ್ರಾಮ್) ಅಪ್‌ಡೇಟ್ ಕೊಟ್ಟರೆ ಬಹಳ ಹೊತ್ತು ನಿಂತು ವಿಫಲವಾಗುತ್ತದೆ. ಇಡೀ ಸಿಸ್ಟಮ್‌ಗೆ ಪ್ರಾಕ್ಸಿ ಹಾಕಿದ ಮೇಲೂ ಹೀಗೇಕೆ?

ಉತ್ತರ: ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ಇದಕ್ಕೆ ‘ಉಬುಂಟುವನ್ನೇ ಹೊಸದಾಗಿ ಇನ್‌ಸ್ಟಾಲ್ ಮಾಡಿ’ ಎಂದು ಸಲಹೆ ಕೊಡುವವರನ್ನು ದಯವಿಟ್ಟು ಲ್ಯಾಬಿನೊಳಗೆ ಬಿಟ್ಟುಕೊಳ್ಳಬೇಡಿ. ನೀವು ತುಂಬಿದ್ದು ನಿಮ್ಮ ಖಾತೆಯ ಡೆಸ್ಕ್‌ಟಾಪ್ ಸೆಟ್ಟಿಂಗ್ ಮಾತ್ರ. ಅದನ್ನು ಓದುವ ಅಭ್ಯಾಸವಿರುವ ಪ್ರೋಗ್ರಾಮ್‌ಗಳು, ಉದಾಹರಣೆಗೆ ಬ್ರೌಸರ್‌ಗಳು, ಅದರಂತೆ ನಡೆಯುತ್ತವೆ. ಓದದವು ನೇರವಾಗಿ ಹೊರಗೆ ಹೋಗಲು ನೋಡುತ್ತವೆ, ಕಾಲೇಜಿನ ಫೈರ್‌ವಾಲ್ ಅವನ್ನು ತಡೆಯುತ್ತದೆ. ಟರ್ಮಿನಲ್‌ನಲ್ಲಿ ಎಕ್ಸ್‌ಪೋರ್ಟ್ ಕಮಾಂಡ್‌ನಿಂದ ಎಚ್‌ಟಿಟಿಪಿ ಪ್ರಾಕ್ಸಿ (http_proxy) ಎಂಬ ವೇರಿಯಬಲ್, ಅಂದರೆ ಪ್ರೋಗ್ರಾಮ್‌ಗಳು ಓದಿಕೊಳ್ಳುವ ಹೆಸರಿಟ್ಟ ಬೆಲೆ, ಕೊಟ್ಟರೂ ಸುಡೋ ಭದ್ರತೆಯ ಕಾರಣಕ್ಕೆ ಅದನ್ನು ತೆಗೆದುಹಾಕುವುದರಿಂದ ಆಪ್ಟ್‌ಗೆ ತಲುಪುವುದಿಲ್ಲ.

ಆದ್ದರಿಂದ ಆಪ್ಟ್‌ಗೆ ಅದರದೇ ಫೈಲ್‌ನಲ್ಲಿ ಹೇಳಿ. ಇಟಿಸಿಯೊಳಗಿನ ಆಪ್ಟ್ ಫೋಲ್ಡರಿನ ಆಪ್ಟ್.ಕಾನ್ಫ್.ಡಿ (/etc/apt/apt.conf.d) ಎಂಬಲ್ಲಿ ಒಂದು ಫೈಲ್ ಮಾಡಿ, ಅಕ್ವೈರ್::ಎಚ್‌ಟಿಟಿಪಿ::ಪ್ರಾಕ್ಸಿ (Acquire::http::Proxy) ಎಂಬುದರ ಮುಂದೆ ಉದ್ಧರಣ ಚಿಹ್ನೆಯೊಳಗೆ ಪೂರ್ತಿ ವಿಳಾಸ ಬರೆದು, ಸಾಲಿನ ಕೊನೆಗೆ ಸೆಮಿಕೋಲನ್ ಹಾಕಿ. ಆ ಒಂದು ಚುಕ್ಕೆ-ಕೊಕ್ಕೆ ಬಿಟ್ಟುಹೋದರೆ ಆಪ್ಟ್ ಫೈಲನ್ನೇ ತಿರಸ್ಕರಿಸಿ ದೋಷ ತೋರಿಸುತ್ತದೆ. ತಾನಾಗಿಯೇ ನಡೆಯುವ ಹಿನ್ನೆಲೆ ಅಪ್‌ಡೇಟ್‌ಗಳಿಗೂ ಈ ಫೈಲ್ ಅನ್ವಯಿಸುತ್ತದೆ. ಸ್ನ್ಯಾಪ್ (ಉಬುಂಟುವಿನ ಇನ್ನೊಂದು ಸಾಫ್ಟ್‌ವೇರ್ ಹಾಕುವ ವ್ಯವಸ್ಥೆ) ಮತ್ತು ಡಾಕರ್‌ಗಳ (ಪ್ರೋಗ್ರಾಮ್‌ಗಳನ್ನು ಪ್ರತ್ಯೇಕ ಕಂಟೇನರ್‌ಗಳಲ್ಲಿ ನಡೆಸುವ ಸಾಧನ) ಹಿನ್ನೆಲೆ ಸೇವೆಗಳಿಗೆ ಪ್ರಾಕ್ಸಿಯನ್ನು ಬೇರೆಯಾಗಿಯೇ ಹೇಳಬೇಕು.

ಎಲ್ಲರೂ ಎಡವುವ ಜಾಗಗಳು ಇನ್ನೆರಡಿವೆ. ಎಚ್‌ಟಿಟಿಪಿಎಸ್ ಪ್ರಾಕ್ಸಿ ಎಂಬ ವೇರಿಯಬಲ್‌ನ ಬೆಲೆಯೂ ಸಾಮಾನ್ಯವಾಗಿ ಎಚ್‌ಟಿಟಿಪಿ ಎಂದೇ ಶುರುವಾಗಬೇಕು, ಏಕೆಂದರೆ ಅಲ್ಲಿ ಬರೆಯುವುದು ಪ್ರಾಕ್ಸಿಯನ್ನು ತಲುಪುವ ಬಗೆಯನ್ನೇ ಹೊರತು ನೀವು ನೋಡಲಿರುವ ತಾಣದ ಬಗೆಯನ್ನಲ್ಲ. ವಿಳಾಸದೊಳಗೆ ಬರೆಯುವ ಪ್ರಾಕ್ಸಿಯ ಪಾಸ್‌ವರ್ಡಿನಲ್ಲಿ @ ಇದ್ದರೆ ಅದರ ಜಾಗದಲ್ಲಿ %40 ಬರೆಯಬೇಕು, ಇಲ್ಲದಿದ್ದರೆ ಪಾಸ್‌ವರ್ಡ್ ಎಲ್ಲಿ ಮುಗಿದು ವಿಳಾಸ ಎಲ್ಲಿ ಶುರುವಾಯಿತೆಂಬುದು ಗೊಂದಲವಾಗುತ್ತದೆ. ಆದರೆ ಹತ್ತು ಜನ ಕೂರುವ ಯಂತ್ರದಲ್ಲಿ ನಾನು ಪಾಸ್‌ವರ್ಡನ್ನು ಆಪ್ಟ್‌ನ ಈ ಫೈಲ್‌ನಲ್ಲಿ ಬರೆಯುವುದೇ ಇಲ್ಲ. ಸಾಮಾನ್ಯವಾಗಿ ಆ ಯಂತ್ರದ ಬಳಕೆದಾರರೆಲ್ಲರೂ ಅದನ್ನು ಓದಬಲ್ಲರು. ಲ್ಯಾಬ್ ಯಂತ್ರಗಳಿಗೆ ಪಾಸ್‌ವರ್ಡ್ ಬೇಡದಂತೆ ಪ್ರಾಕ್ಸಿಯಲ್ಲೇ ಅನುಮತಿ ಕೊಡಲು ನೆಟ್‌ವರ್ಕ್ ನೋಡಿಕೊಳ್ಳುವವರನ್ನು ಕೇಳಿ.

ಪ್ರಶ್ನೆ: ಪ್ರಾಕ್ಸಿ ಹಾಕಿದ ಮೇಲೂ ಪಿಂಗ್ (ಇನ್ನೊಂದು ಯಂತ್ರ ಉತ್ತರಿಸುತ್ತದೆಯೇ ಎಂದು ನೋಡುವ ಕಮಾಂಡ್) ಹೋಗುತ್ತಿಲ್ಲ.

ಉತ್ತರ: ಹೋಗುವುದಿಲ್ಲ. ಪಿಂಗ್ ಬಳಸುವುದು ಐಸಿಎಂಪಿ ಎಂಬ ಬೇರೆಯೇ ಸಂವಹನ ನಿಯಮವನ್ನು, ಅದು ವೆಬ್ ಪ್ರಾಕ್ಸಿಯ ಮೂಲಕ ಸಾಗುವುದಿಲ್ಲ. ಟರ್ಮಿನಲ್‌ನಿಂದಲೇ ವೆಬ್ ವಿಳಾಸ ತರಿಸುವ ಕರ್ಲ್ ಕಮಾಂಡ್‌ನಿಂದ ಪರೀಕ್ಷಿಸಿ.

ಪ್ರಶ್ನೆ: ವೇಗ ಹೆಚ್ಚಿಸಲು ಉಚಿತ ಪ್ರಾಕ್ಸಿಗಳ ಪಟ್ಟಿಯಿಂದ ಒಂದನ್ನು ಹಾಕಬಹುದೇ?

ಉತ್ತರ: ಖಂಡಿತ ಬೇಡ. ಯಾರೆಂದು ಗೊತ್ತಿಲ್ಲದವರ ಕೈಯ ಮೂಲಕ ನಿಮ್ಮ ಎಲ್ಲ ಓಡಾಟವನ್ನೂ ಕಳಿಸಿದಂತೆ ಅದು. ಆ ಪಟ್ಟಿಯ ಜೊತೆ ‘ಪ್ರಮಾಣಪತ್ರವನ್ನೂ ಇನ್‌ಸ್ಟಾಲ್ ಮಾಡಿ’ (ತಾಣ ಅಸಲಿ ಎಂದು ಬ್ರೌಸರ್ ನಂಬಲು ಬಳಸುವ ಫೈಲ್) ಎಂದು ಯಾರಾದರೂ ಹೇಳಿದರೆ, ಅವರು ನಿಮ್ಮ ಬ್ಯಾಂಕಿನ ಪಾಸ್‌ವರ್ಡನ್ನೂ ಓದುವ ಅನುಮತಿ ಕೇಳುತ್ತಿದ್ದಾರೆಂದೇ ತಿಳಿಯಿರಿ.