ವಿಎಂ (ಕಂಪ್ಯೂಟರ್ ಒಳಗೆ ಓಡುವ ಇನ್ನೊಂದು ವರ್ಚುವಲ್ ಕಂಪ್ಯೂಟರ್) ಒಳಗೆ ಒತ್ತಿದ ಶಾರ್ಟ್‌ಕಟ್ ಹೊರಗಡೆ ಕೆಲಸ ಮಾಡ್ತಾ ಇದೆ, ಏನು ಮಾಡಲಿ?

ನಿಮಗಿರುವ ತೊಂದರೆ ಎರಡು. ಉಬುಂಟು (ಲಿನಕ್ಸ್) ಲ್ಯಾಪ್‌ಟಾಪಿನಲ್ಲಿ ವಿಎಂ ಓಡಿಸುವ ವರ್ಚುವಲ್‌ಬಾಕ್ಸ್‌ನಲ್ಲಿ ಕಂಟ್ರೋಲ್+ಆಲ್ಟ್+ಎಫ್3 ಒತ್ತಿದರೆ ವಿಎಂ ಬದಲು ಲ್ಯಾಪ್‌ಟಾಪೇ ಕಪ್ಪು ಲಾಗಿನ್ ಪರದೆಗೆ ಹೋಗುತ್ತದೆ. ಆಫೀಸಿನ ಸರ್ವರ್‌ನಲ್ಲಿ ವಿಎಂ ಓಡಿಸುವ ಪ್ರಾಕ್ಸ್‌ಮಾಕ್ಸ್‌ನ ಕನ್ಸೋಲಿನಲ್ಲಿ (ಬ್ರೌಸರ್ ಟ್ಯಾಬಿನಲ್ಲಿ ಕಾಣುವ ವಿಎಂ ಪರದೆ) ನ್ಯಾನೋ ಎಂಬ ಟೆಕ್ಸ್ಟ್ ಎಡಿಟರ್ ತೆರೆದು ಕಂಟ್ರೋಲ್+ಡಬ್ಲ್ಯೂ ಒತ್ತಿದರೆ ಟ್ಯಾಬೇ ಮುಚ್ಚಿಹೋಗುತ್ತದೆ. ಎರಡಕ್ಕೂ ಕಾರಣ ಒಂದೇ: ನೀವು ಒತ್ತಿದ ಕೀ ವಿಎಂ ತಲುಪುವ ಮೊದಲೇ ಯಾರೋ ಅದನ್ನು ಹಿಡಿದುಕೊಳ್ಳುತ್ತಿದ್ದಾರೆ. ಯಾರು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಮೊದಲನೆಯದರಲ್ಲಿ ಹಿಡಿಯುವುದು ನಿಮ್ಮ ಉಬುಂಟು. ವರ್ಚುವಲ್‌ಬಾಕ್ಸ್ ಇದಕ್ಕೆ ಹೋಸ್ಟ್ ಕೀ ಇಟ್ಟಿದೆ, ಮಾಮೂಲಾಗಿ ಅದು ಬಲಗಡೆಯ ಕಂಟ್ರೋಲ್. ಹೋಸ್ಟ್ ಕೀ ಜೊತೆ ಬರೀ ಎಫ್3 ಒತ್ತಿ ನೋಡಿ, ಒಳಗಡೆಗೆ ಪೂರ್ತಿ ಕಂಟ್ರೋಲ್+ಆಲ್ಟ್+ಎಫ್3 ಹೋಗುತ್ತದೆ. ಹೋಸ್ಟ್+ಡಿಲೀಟ್ ಅಂದರೆ ಕಂಟ್ರೋಲ್+ಆಲ್ಟ್+ಡಿಲೀಟ್. ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಬಲಗಡೆ ಕಂಟ್ರೋಲೇ ಇಲ್ಲ, ಆ ಜಾಗದಲ್ಲಿ ಕೊಪೈಲಟ್ ಕೀ ಕೂತಿದೆ (ಯಾರು ಕೇಳಿದ್ದರೋ!). ಹಾಗಿದ್ದರೆ ಪ್ರಿಫರೆನ್ಸಸ್‌ನ ಇನ್‌ಪುಟ್ ವಿಭಾಗಕ್ಕೆ ಹೋಗಿ ಹೋಸ್ಟ್ ಕೀ ಬದಲಾಯಿಸಿಕೊಳ್ಳಿ. ಲ್ಯಾಪ್‌ಟಾಪ್ ಈಗಾಗಲೇ ಕಪ್ಪು ಪರದೆಗೆ ಹೋಗಿದ್ದರೆ ಗಾಬರಿ ಬೇಡ, ಸಾಮಾನ್ಯವಾಗಿ ಕಂಟ್ರೋಲ್+ಆಲ್ಟ್+ಎಫ್2 ಒತ್ತಿದರೆ ಡೆಸ್ಕ್‌ಟಾಪ್ ವಾಪಸ್ ಬರುತ್ತದೆ.

ಎರಡನೆಯದು ಸ್ವಲ್ಪ ಹಠಮಾರಿ. ಕಂಟ್ರೋಲ್+ಡಬ್ಲ್ಯೂ, ಟಿ, ಎನ್, ಈ ಮೂರನ್ನೂ ಕ್ರೋಮ್ ಮಾಮೂಲಿ ಟ್ಯಾಬಿನಲ್ಲಿ ಯಾವ ವೆಬ್ ಪುಟಕ್ಕೂ ಬಿಟ್ಟುಕೊಡುವುದಿಲ್ಲ. ಆದರೆ ನ್ಯಾನೋದಲ್ಲಿ ಅದೇ ಕಂಟ್ರೋಲ್+ಡಬ್ಲ್ಯೂ ಹುಡುಕಾಟ, ಕಮಾಂಡ್ ಟೈಪ್ ಮಾಡುವ ಬ್ಯಾಷ್‌ನಲ್ಲಿ ಹಿಂದಿನ ಪದ ಅಳಿಸುವುದು, ವಿಮ್ ಎಂಬ ಇನ್ನೊಂದು ಎಡಿಟರ್‌ನಲ್ಲಿ ವಿಂಡೋ ಬದಲಿಸುವುದು. ಬೆರಳಿಗೆ ಅಷ್ಟು ಅಭ್ಯಾಸವಾದ ಕೀ ಅದು, ಒತ್ತದೆ ಇರೋದು ಕಷ್ಟ ಅಲ್ವಾ? ಸದ್ಯ, ಟ್ಯಾಬ್ ಮುಚ್ಚಿದರೂ ವಿಎಂ ನಿಲ್ಲುವುದಿಲ್ಲ. ಕನ್ಸೋಲ್ ಮತ್ತೆ ತೆರೆಯಿರಿ, ನ್ಯಾನೋ ನೀವು ಬಿಟ್ಟಲ್ಲೇ ಇರುತ್ತದೆ.

ಇದಕ್ಕೆ ಉಪಾಯ ನೋವಿಎನ್‌ಸಿ (ಪ್ರಾಕ್ಸ್‌ಮಾಕ್ಸ್ ಕನ್ಸೋಲನ್ನು ಬ್ರೌಸರಿನಲ್ಲಿ ತೋರಿಸುವ ಸಾಧನ) ಪರದೆಯ ಎಡ ಅಂಚಿನಲ್ಲೇ ಇದೆ. ಅಲ್ಲಿರುವ ಸಣ್ಣ ಪಟ್ಟಿ ಎಳೆದರೆ ಕಂಟ್ರೋಲ್, ಆಲ್ಟ್ ಬಟನ್‌ಗಳು ಸಿಗುತ್ತವೆ. ಮೌಸ್‌ನಲ್ಲಿ ಕಂಟ್ರೋಲ್ ಒತ್ತಿಟ್ಟು, ಕೀಬೋರ್ಡಿನಲ್ಲಿ ಬರೀ ಡಬ್ಲ್ಯೂ ಒತ್ತಿ. ಬ್ರೌಸರ್‌ಗೆ ಕಾಣುವುದು ಒಂಟಿ ಅಕ್ಷರ, ಹಾಗಾಗಿ ತೆಪ್ಪಗಿರುತ್ತದೆ. ಕೆಲಸ ಆದಮೇಲೆ ಕಂಟ್ರೋಲ್ ಬಿಡಿಸೋದು ಮರೀಬೇಡಿ, ಇಲ್ಲದಿದ್ದರೆ ಟೈಪ್ ಮಾಡಿದ್ದೆಲ್ಲ ಶಾರ್ಟ್‌ಕಟ್ ಆಗುತ್ತದೆ.

ನನ್ನನ್ನು ಕೇಳಿದರೆ, ಫೈಲ್ ತಿದ್ದುವುದಕ್ಕೆಲ್ಲ ಸುಮ್ನೆ ಎಸ್‌ಎಸ್‌ಎಚ್ (ಟರ್ಮಿನಲ್‌ನಿಂದ ನೆಟ್‌ವರ್ಕ್ ಮೂಲಕ ಲಾಗಿನ್ ಆಗುವ ದಾರಿ) ಬಳಸಿ. ಟರ್ಮಿನಲ್‌ನಲ್ಲಿ ಕಂಟ್ರೋಲ್+ಡಬ್ಲ್ಯೂ ನೇರ ಒಳಗೆ ಹೋಗುತ್ತದೆ. ನೆಟ್‌ವರ್ಕ್ ಕೆಟ್ಟಾಗ, ಬೂಟ್ ಆಗದೆ ನಿಂತಾಗ ಮಾತ್ರ ಕನ್ಸೋಲ್ ತೆರೆದರೆ ಸಾಕು.

ಮುಂದೆ ವಿಂಡೋಸ್ ಮೇಲೆ ಕೆಲಸ ಬಂದರೆ: ಕಂಟ್ರೋಲ್+ಆಲ್ಟ್+ಡಿಲೀಟನ್ನು ಅಲ್ಲಿ ಭದ್ರತೆಗಾಗಿ ವಿಂಡೋಸ್ ತಾನೇ ಹಿಡಿದುಕೊಳ್ಳುತ್ತದೆ. ಅದಕ್ಕೇ ವಿಎಂ ಒಳಗೆ ಕಳಿಸಲು, ವಿಎಂ ಓಡಿಸುವ ಬೇರೆ ಸಾಫ್ಟ್‌ವೇರ್‌ಗಳಾದ ಹೈಪರ್-ವಿಯಲ್ಲಿ ಡಿಲೀಟ್ ಬದಲು ಎಂಡ್, ವಿಎಂವೇರ್‌ನಲ್ಲಿ ಇನ್ಸರ್ಟ್ ಒತ್ತಬೇಕು.