ಹಳೆಯ ತಂಡಕ್ಕೆ ಹೊಸ ಮ್ಯಾನೇಜರ್: ಜರ್ಮನಿಯಿಂದ ಒಂದು ಉತ್ತರ

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಜರ್ಮನಿಗೆ ಬಂದು ಮೂರು ವಾರವಾಗಿದೆ. ಒಂಬತ್ತು ಜನರ ತಂಡಕ್ಕೆ ಮ್ಯಾನೇಜರ್ ಆಗಿ ನಿಮ್ಮನ್ನು ಕರೆಸಿಕೊಂಡಿದ್ದಾರೆ. ಅವರಲ್ಲಿ ಏಳು ಮಂದಿ ಹತ್ತು ವರ್ಷಕ್ಕಿಂತ ಹಳಬರು. ಹಿಂದಿನ ಮ್ಯಾನೇಜರ್ ಅದೇ ಕಂಪನಿಯ ಇನ್ನೊಂದು ವಿಭಾಗಕ್ಕೆ ಹೋಗಿದ್ದಾರೆ. ಮೊದಲ ಮೂರು ತಿಂಗಳಲ್ಲಿ ಏನಾದರೂ ಬದಲಾಯಿಸಿ ತೋರಿಸದಿದ್ದರೆ ತನ್ನನ್ನು ಕರೆಸಿದ್ದಾದರೂ ಏಕೆಂದು ಮೇಲಿನವರು ಕೇಳಿಯಾರು ಎಂಬ ಅಳುಕು ನಿಮ್ಮ ಬರಹದಲ್ಲಿ ಕಾಣುತ್ತದೆ. ಹದಿನಾರು ವರ್ಷಗಳ ಹಿಂದೆ ನನಗೂ ಇದೇ ಅಳುಕು ಇತ್ತು, ನನ್ನ ಮೊದಲ ತಪ್ಪುಗಳೆಲ್ಲ ಅದರಿಂದಲೇ ಆದವು.

ಬದಲಾಯಿಸಬೇಕಾದವುಗಳ ಪಟ್ಟಿಯನ್ನು ಸದ್ಯಕ್ಕೆ ಮುಚ್ಚಿಡಿ. ಹಿಂದಿನ ಮ್ಯಾನೇಜರ್ ಯಾರಿಗೆ ಏನೆಂದು ಮಾತು ಕೊಟ್ಟಿದ್ದರು ಎಂಬುದನ್ನು ಮೊದಲು ಪತ್ತೆ ಮಾಡಿರಿ. ತಂಡವನ್ನು ವಹಿಸಿಕೊಂಡವರ ಹೆಗಲಿಗೆ ಆ ಮಾತುಗಳೆಲ್ಲ ತಾವಾಗಿಯೇ ಬಂದು ಬೀಳುತ್ತವೆ. ಅವುಗಳಲ್ಲಿ ಅರ್ಧದಷ್ಟು ಎಲ್ಲಿಯೂ ಬರೆದಿರುವುದಿಲ್ಲ. ಉಳಿದರ್ಧ ಈ ದೇಶದ ಕಾನೂನಿನಲ್ಲಿಯೇ ಬರೆದಿರುತ್ತದೆ. ಎರಡನ್ನೂ ತಿಳಿಯದೆ ಮುಟ್ಟಿದರೆ ಕೈ ಸುಟ್ಟುಕೊಳ್ಳುತ್ತೇವೆ.

ನನ್ನ ಅನುಭವವನ್ನೇ ಹೇಳುತ್ತೇನೆ. ನನ್ನ ಕೈಗೆ ಬಂದ ಹಸ್ತಾಂತರ ಟಿಪ್ಪಣಿ ಮೂರು ಪುಟಗಳಷ್ಟಿತ್ತು: ನಡೆಯುತ್ತಿರುವ ಪ್ರಾಜೆಕ್ಟುಗಳು, ಗ್ರಾಹಕರ ಹೆಸರುಗಳು, ಪಾಸ್‌ವರ್ಡ್ ಯಾರ ಬಳಿ ಇದೆ ಎಂಬ ವಿವರ. ಅದನ್ನು ಓದಿ ಎಲ್ಲ ತಿಳಿಯಿತೆಂದುಕೊಂಡು ಎರಡನೆಯ ವಾರದಲ್ಲಿಯೇ ತಂಡದ ವಾರದ ಮೀಟಿಂಗನ್ನು ಬುಧವಾರ ಮಧ್ಯಾಹ್ನ ನಾಲ್ಕಕ್ಕೆ ಇಟ್ಟೆ. ತಂಡದ ಹಿರಿಯ ಸದಸ್ಯೆಯೊಬ್ಬರು ಬಂದು ಕುಳಿತರು, ಕೋಟು ಬಿಚ್ಚಲಿಲ್ಲ, ಚೀಲವನ್ನು ಮಡಿಲಿನಲ್ಲಿಯೇ ಇಟ್ಟುಕೊಂಡು ಗೋಡೆಯ ಗಡಿಯಾರ ನೋಡುತ್ತಿದ್ದರು, ಐವತ್ತು ನಿಮಿಷಗಳಲ್ಲಿ ಒಂದು ಮಾತೂ ಆಡಲಿಲ್ಲ. ಅವರಿಗೆ ನನ್ನ ಮೇಲೆ ಅಸಮಾಧಾನವಿದೆ ಎಂದು ನಾನು ತೀರ್ಮಾನಿಸಿಬಿಟ್ಟೆ. ಬುಧವಾರ ಮೂರು ಗಂಟೆಗೆ ಹೊರಟು ವೃದ್ಧಾಶ್ರಮದಲ್ಲಿರುವ ತಂದೆಯನ್ನು ನೋಡಿಬರಲು ಹಿಂದಿನ ಮ್ಯಾನೇಜರ್ ಬಾಯಿಮಾತಿನಲ್ಲಿ ಒಪ್ಪಿದ್ದರೆಂಬುದು, ಆ ಸಮಯವನ್ನು ಅವರು ಸೋಮವಾರ ಹೆಚ್ಚು ದುಡಿದು ತುಂಬಿಕೊಡುತ್ತಿದ್ದರೆಂಬುದು, ಮೂರನೆಯ ಬುಧವಾರದ ನಂತರ ಇನ್ನೊಬ್ಬ ಸಹೋದ್ಯೋಗಿಯ ಬಾಯಿಂದ ನನಗೆ ತಿಳಿಯಿತು. ಅಷ್ಟರೊಳಗೆ ಹೊಸ ಮ್ಯಾನೇಜರ್ ಹಳೆಯ ಒಪ್ಪಂದಗಳನ್ನೆಲ್ಲ ಮುರಿಯಲು ಬಂದಿದ್ದಾನೆಂಬ ಮಾತು ತಂಡದಲ್ಲಿ ಹಬ್ಬಿಯಾಗಿತ್ತು. ಅದನ್ನು ಅಳಿಸಲು ನನಗೆ ಒಂದು ವರ್ಷವೇ ಹಿಡಿಯಿತು.

ಹೀಗಾಗಿ ಒಬ್ಬೊಬ್ಬರನ್ನೂ ಪ್ರತ್ಯೇಕವಾಗಿ ಕೂರಿಸಿಕೊಂಡು ಮಾತನಾಡುವಾಗ, ಕೆಲಸ ಹೇಗೆ ನಡೆಯುತ್ತಿದೆ ಎಂದು ಕೇಳುವ ಮೊದಲು, ನಿಮಗೆ ಯಾವ ಮಾತು ಕೊಟ್ಟಿದ್ದರು, ಅದರಲ್ಲಿ ನನಗೆ ಯಾರೂ ಹೇಳದೇ ಇರಬಹುದಾದದ್ದು ಯಾವುದು ಎಂದು ನೇರವಾಗಿ ಕೇಳಿರಿ. ರಜೆ, ಸಮಯ, ತರಬೇತಿ, ಬಡ್ತಿಯ ಭರವಸೆ, ಮನೆಯಿಂದ ಕೆಲಸ ಮಾಡುವ ದಿನಗಳು ಎಲ್ಲವೂ ಆಗ ಹೊರಬರುತ್ತವೆ. ಎಲ್ಲದಕ್ಕೂ ಹೂಂ ಅನ್ನಬೇಕಾಗಿಲ್ಲ. ಬರೆದುಕೊಂಡು, ಇದು ಮುಂದುವರಿಯುತ್ತದೆ, ಇದನ್ನು ವಿಚಾರಿಸಿ ಇಂಥ ದಿನ ತಿಳಿಸುತ್ತೇನೆ ಎಂದು ಹೇಳಿ, ಆ ದಿನವೇ ತಿಳಿಸಿದರೆ ಸಾಕು. ವರ್ಷಾರಂಭದಲ್ಲಿ ಹಿಂದಿನವರು ಸಹಿ ಮಾಡಿದ ವಾರ್ಷಿಕ ಗುರಿಗಳ ಒಪ್ಪಂದಗಳಿದ್ದರೆ ಅವುಗಳನ್ನು ಎಚ್‌ಆರ್ ವಿಭಾಗದಿಂದ ತರಿಸಿಕೊಳ್ಳಿರಿ. ಬೋನಸ್ ಅವಕ್ಕೆ ಗಂಟುಬಿದ್ದಿರುವಾಗ ನಡುವರ್ಷದಲ್ಲಿ ಬಂದ ನೀವು ಅವುಗಳನ್ನು ಏಕಪಕ್ಷೀಯವಾಗಿ ತಿದ್ದಲಾಗದು.

ಇನ್ನೊಂದು ಸಂಗತಿಗೆ ಈಗಲೇ ಸಿದ್ಧರಾಗಿರಿ, ಏಕೆಂದರೆ ಇದು ಬಹುತೇಕ ಖಚಿತವಾಗಿ ನಡೆಯುತ್ತದೆ. ತಂಡದ ಒಬ್ಬಿಬ್ಬರು ಬಂದು ತಮಗೆ 'ತ್ಸ್ವಿಷನ್‌ತ್ಸೊಯ್ಗ್ನಿಸ್' ಬೇಕು ಎನ್ನುತ್ತಾರೆ, ಅಂದರೆ ಕೆಲಸದಲ್ಲಿ ಇರುವಾಗಲೇ ಪಡೆಯುವ ಮಧ್ಯಂತರ ಸೇವಾ ಪ್ರಮಾಣಪತ್ರ. ನನ್ನಲ್ಲಿ ಒಂದೇ ವಾರದಲ್ಲಿ ಇಬ್ಬರು ಕೇಳಿದರು. ಇಬ್ಬರೂ ರಾಜೀನಾಮೆಗೆ ಸಿದ್ಧರಾಗಿದ್ದಾರೆಂದು ಹೆದರಿ ನನ್ನ ಮೇಲಧಿಕಾರಿಯ ಬಳಿ ಓಡಿದೆ. ಅವರು ನಗುವನ್ನು ತಡೆದುಕೊಂಡದ್ದು ನನಗೆ ಇಂದಿಗೂ ನೆನಪಿದೆ. ಇಲ್ಲಿ ಮೇಲಧಿಕಾರಿ ಬದಲಾಗುವುದು ಇಂಥ ಪತ್ರ ಕೇಳಲು ಮಾನ್ಯವಾದ ಕಾರಣ. ತಮ್ಮ ಕೆಲಸವನ್ನು ಬಲ್ಲವರು ಹೋಗಿಬಿಡುವ ಮೊದಲು ಅವರ ಮಾತನ್ನು ಕಾಗದಕ್ಕೆ ಇಳಿಸಿಕೊಳ್ಳುವುದು ಬರೀ ಜಾಣತನ, ಅದರಲ್ಲಿ ನಿಮ್ಮ ಮೇಲೆ ಅಪನಂಬಿಕೆ ಇಲ್ಲ. ಅದನ್ನು ಹಿಂದಿನ ಮ್ಯಾನೇಜರ್ ಅವರಿಂದಲೇ ಬರೆಸಿರಿ, ನೀವಾಗಿ ಬರೆಯಬೇಡಿರಿ. ಆ ಪತ್ರಗಳ ಭಾಷೆಯೇ ಒಂದು ಸಂಕೇತಲಿಪಿ: 'ಸದಾ, ಅತ್ಯಂತ ಪರಿಪೂರ್ಣ ತೃಪ್ತಿಯಾಗುವಂತೆ' ಎಂದಿದ್ದರೆ ಅದು ಮೊದಲ ದರ್ಜೆ, 'ಸದಾ' ಮತ್ತು 'ಅತ್ಯಂತ' ಎರಡನ್ನೂ ಬಿಟ್ಟು ಕೇವಲ 'ಪೂರ್ಣ ತೃಪ್ತಿಯಾಗುವಂತೆ' ಎಂದರೆ ನಡುದರ್ಜೆ. ಹೊಗಳಿದಂತೆ ಕಾಣುವ ವಾಕ್ಯದಿಂದಲೇ ಒಬ್ಬರ ಮುಂದಿನ ಕೆಲಸಕ್ಕೆ ಕುತ್ತು ತರಬಹುದಾದ ಭಾಷೆ ಅದು.

ಇನ್ನು ಕಾನೂನು. ಕನಿಷ್ಠ ಐದು ಮಂದಿ ಕಾಯಂ ನೌಕರರಿರುವ ಯಾವುದೇ ಸಂಸ್ಥೆಯಲ್ಲಿ ನೌಕರರು ತಮ್ಮ ಪ್ರತಿನಿಧಿ ಮಂಡಳಿಯನ್ನು ಆರಿಸಿಕೊಳ್ಳಬಹುದು. ಅದಕ್ಕೆ ಇಲ್ಲಿ 'ಬೆಟ್ರೀಪ್ಸ್‌ರಾಟ್' ಎನ್ನುತ್ತಾರೆ. ಈಗ ಜಾರಿಯಲ್ಲಿರುವ ಕಾಯ್ದೆ 1972ರದು, ಚುನಾವಣೆ ನಾಲ್ಕು ವರ್ಷಕ್ಕೊಮ್ಮೆ. ಇದನ್ನು ಕಾರ್ಮಿಕ ಸಂಘವೆಂದು ತಿಳಿದು ಎದುರಾಳಿಯಂತೆ ಕಾಣುವುದು ನಮ್ಮವರು ಮಾಡುವ ಸಾಮಾನ್ಯ ತಪ್ಪು. ಓವರ್‌ಟೈಮ್ ಹಾಕಿಸಲು, ಕೆಲಸದ ವೇಳೆಯನ್ನು ಬದಲಾಯಿಸಲು, ನೌಕರರ ಕೆಲಸವನ್ನು ಗಮನಿಸಬಲ್ಲ ಸಾಫ್ಟ್‌ವೇರ್ ತರಲು ಈ ಮಂಡಳಿಯ ಒಪ್ಪಿಗೆ ಬೇಕು. ಮಂಡಳಿಯನ್ನು ಕೇಳದೆ ಕೊಟ್ಟ ವಜಾ ಆದೇಶ ಅಸಿಂಧು. ನೀವು ಬರೆದಿರುವ 'ಎಲ್ಲರ ಟಾಸ್ಕ್ ಸಮಯವನ್ನು ಅಳೆಯುವ ಹೊಸ ಡ್ಯಾಶ್‌ಬೋರ್ಡ್' ಎಂಬ ಯೋಜನೆ ನೇರವಾಗಿ ಈ ಕಕ್ಷೆಗೆ ಬೀಳುತ್ತದೆ. ನಿಮ್ಮಲ್ಲಿ ಮಂಡಳಿ ಇದ್ದರೆ ಮೊದಲ ತಿಂಗಳಲ್ಲಿಯೇ ಅದರ ಅಧ್ಯಕ್ಷರನ್ನು ಕಂಡು ಪರಿಚಯ ಹೇಳಿಕೊಂಡು ಬನ್ನಿರಿ, ಏನನ್ನೂ ಕೇಳಲು ಹೋಗಬೇಡಿರಿ.

ಹತ್ತಕ್ಕಿಂತ ಹೆಚ್ಚು ನೌಕರರಿರುವ ಕಡೆ, ಆರು ತಿಂಗಳು ತುಂಬಿದವರನ್ನು ಕಾನೂನು ಒಪ್ಪುವ ಕಾರಣವಿಲ್ಲದೆ ತೆಗೆಯಲಾಗದು. ನಿಮ್ಮ ತಂಡದ ಏಳು ಹಳಬರಿಗೆ ಆ ರಕ್ಷಣೆ ಇದೆ. ಪ್ರೊಬೇಷನ್‌ನಲ್ಲಿರುವ ನಿಮ್ಮನ್ನು ಎರಡು ವಾರದ ನೋಟಿಸಿನಲ್ಲಿ ಕಳುಹಿಸಬಹುದು. ಆ ಕೋಣೆಯಲ್ಲಿ ಅತ್ಯಂತ ಅಭದ್ರವಾದ ಕುರ್ಚಿ ಮ್ಯಾನೇಜರರದೇ ಎಂಬುದು ಅವರಿಗೂ ಗೊತ್ತಿರುತ್ತದೆ. ಇದರಲ್ಲಿ ಹೆದರುವಂಥದ್ದೇನಿಲ್ಲ, ಗದರಿಸಿ ಕೆಲಸ ಮಾಡಿಸುವ ದಾರಿ ಇಲ್ಲಿ ಇಲ್ಲವೆಂದಷ್ಟೇ ಅರ್ಥ.

ನಿಮ್ಮ ಕುರ್ಚಿಯನ್ನು ಬಯಸಿದ್ದವರೊಬ್ಬರು ಆ ತಂಡದಲ್ಲಿಯೇ ಇದ್ದಾರೆಯೇ ಎಂಬುದನ್ನು ನಿಮ್ಮ ಮೇಲಧಿಕಾರಿಯಿಂದ ಕೇಳಿ ತಿಳಿಯಿರಿ. ಹಳೆಯ ತಂಡಗಳಲ್ಲಿ ಹಾಗೆ ಒಬ್ಬರು ಇರುವುದೇ ಹೆಚ್ಚು. ನನ್ನ ತಂಡದಲ್ಲಿದ್ದ ಅಂಥವರೊಬ್ಬರನ್ನು ನಾನು ಆರು ವಾರ ತಪ್ಪಿಸಿಕೊಂಡು ಓಡಾಡಿದೆ, ಅವರೂ ಹಾಗೆಯೇ ಮಾಡಿದರು. ಕೊನೆಗೊಂದು ದಿನ, ಈ ಹುದ್ದೆಗೆ ನೀವೂ ಅರ್ಜಿ ಹಾಕಿದ್ದಿರೆಂದು ನನಗೆ ಗೊತ್ತು, ನಿರ್ಧಾರ ನನ್ನದಾಗಿರಲಿಲ್ಲ, ಆದರೆ ಈ ಗ್ರಾಹಕರನ್ನು ನನಗಿಂತ ನೀವು ಚೆನ್ನಾಗಿ ಬಲ್ಲಿರಿ ಎಂದೆ. ಅವರು ಒಂದು ಕ್ಷಣ ಸುಮ್ಮನಿದ್ದು, 'ಹೌದು, ಬಲ್ಲೆ' ಎಂದಷ್ಟೇ ಹೇಳಿದರು. ನಾವು ಸ್ನೇಹಿತರಾಗಲಿಲ್ಲ. ಆದರೆ ಮರುವಾರದಿಂದ ಗ್ರಾಹಕರ ದೂರುಗಳು ನನ್ನ ಕಿವಿಗೆ ಹೊರಗಿನಿಂದ ಬರುವ ಬದಲು ಅವರಿಂದಲೇ ಬರತೊಡಗಿದವು.

ಉಳಿದ ಸಣ್ಣಪುಟ್ಟ ವಿಷಯಗಳಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳಬೇಡಿರಿ. ತಂಡದವರು ಪರಸ್ಪರ 'ದು' (ನೀನು) ಎನ್ನುತ್ತಿದ್ದರೆ ನಿಮಗೂ ಹಾಗೆಯೇ ಕರೆಯಲು ಹೇಳುತ್ತಾರೆ. ಹೇಳುವವರೆಗೆ 'ಝೀ' (ನೀವು) ಇರಲಿ, ಏಕವಚನಕ್ಕೆ ಒಮ್ಮೆ ಇಳಿದರೆ ಬಹುವಚನಕ್ಕೆ ಮರಳುವುದು ಮುಜುಗರ. ಯಾರಾದರೂ ಹುಷಾರಿಲ್ಲವೆಂದರೆ ಯಾವ ಕಾಯಿಲೆ ಎಂದು ಕೇಳಬೇಡಿರಿ. ಕಾಳಜಿಯಿಂದ ಕೇಳಿದರೂ ಅದು ನಿಮಗೆ ಸಂಬಂಧಿಸಿದ ವಿಷಯವಲ್ಲ. ಒಂದು ದಿನದ ಕೆಲಸಕ್ಕೂ ಮರುದಿನದ ಕೆಲಸಕ್ಕೂ ನಡುವೆ ಹನ್ನೊಂದು ಗಂಟೆಗಳ ಬಿಡುವು ಇರಬೇಕೆಂದು ಕಾನೂನಿದೆ, ಆದ್ದರಿಂದ ರಾತ್ರಿ ಹತ್ತೂವರೆಗೆ ಬರೆದ ಮೇಲ್ ಬೆಳಿಗ್ಗೆ ಎಂಟಕ್ಕೆ ಹೋಗುವಂತೆ ಹೊಂದಿಸಿಡಿ.

ಮೇಲಿನವರಿಗೆ ಏನು ತೋರಿಸಲಿ ಎಂಬ ನಿಮ್ಮ ಚಿಂತೆ ನ್ಯಾಯವಾದದ್ದೇ. ಬರಿಗೈಯಲ್ಲಿ ಹೋಗಿ 'ಕೇಳುತ್ತಿದ್ದೇನೆ' ಎಂದರೆ ಅವರೂ ಒಪ್ಪುವುದಿಲ್ಲ. ಮಾತುಕತೆಗಳಲ್ಲಿ ಕನಿಷ್ಠ ನಾಲ್ವರು ಒಂದೇ ತೊಡಕನ್ನು ಹೇಳಿರುತ್ತಾರೆ. ಸಾಮಾನ್ಯವಾಗಿ ಅದು ತೀರಾ ಚಿಕ್ಕದು, ಯಾರಿಗೂ ಬೇಡವಾದ ವಾರದ ವರದಿಯೋ, ಮೂರು ಸಹಿ ಬೇಡುವ ಅನುಮತಿಯೋ ಆಗಿರುತ್ತದೆ. ಅದೊಂದನ್ನು ನಿವಾರಿಸಿರಿ. ನಾನು ತೆಗೆದುಹಾಕಿದ್ದು ಶುಕ್ರವಾರದ ಒಂದು ಎಕ್ಸೆಲ್ ಹಾಳೆ. ಅದನ್ನು ಓದುತ್ತಿದ್ದವರು ಎರಡು ವರ್ಷದ ಹಿಂದೆಯೇ ನಿವೃತ್ತರಾಗಿದ್ದರು.

ಕೊನೆಯದಾಗಿ, ಹಿಂದಿನ ಮ್ಯಾನೇಜರ್ ಅವರನ್ನು ಸಂಪರ್ಕಿಸಲು ಸಂಕೋಚವಾಗುತ್ತಿದೆ ಎಂದಿದ್ದೀರಿ. ಸಂಕೋಚ ಬೇಡ, ಒಂದು ಗಂಟೆಯ ಸಮಯ ಕೇಳಿರಿ. ಆದರೆ ತಂಡದವರ ಗುಣದೋಷಗಳನ್ನು ಕೇಳಬೇಡಿರಿ, ಅವು ಅವರ ಅಭಿಪ್ರಾಯಗಳಾಗಿರುತ್ತವೆ ಮತ್ತು ನಿಮ್ಮ ಕಣ್ಣಿಗೆ ಕನ್ನಡಕವಾಗಿಬಿಡುತ್ತವೆ. ತಾವು ಈಡೇರಿಸಲಾಗದೆ ಬಿಟ್ಟುಬಂದ ಮಾತುಗಳು ಯಾವುವು ಎಂದು ಕೇಳಿರಿ. ಈ ಭೇಟಿಯನ್ನು ಜುಲೈ ಮುಗಿಯುವುದರೊಳಗೆ ನಿಗದಿ ಮಾಡಿಕೊಳ್ಳಿರಿ. ಆಗಸ್ಟ್‌ನಲ್ಲಿ ಬರೆದರೆ ರಜೆಯ ಸ್ವಯಂಚಾಲಿತ ಉತ್ತರವೇ ನಿಮಗೆ ಬರುವ ಸಾಧ್ಯತೆ ಹೆಚ್ಚು.